ಟಚ್‌ಪ್ಯಾಡ್ ಆಡದಿದ್ದರೆ ಲಿನಕ್ಸ್ ಅಳಿಸಬೇಡಿ, ಮೊದಲು ಚಾರ್ಜರ್ ಕಿತ್ತು ನೋಡಿ

"ಇದ್ರಲ್ಲಿ ಲಿನಕ್ಸ್ ಐತೆ ಸಾರ್. ಅದಕ್ಕೇ ಟಚ್ ಆಡ್ತಿಲ್ಲ. ವಿಂಡೋಸ್ ಹಾಕಿಬಿಡ್ತೀನಿ, ಸರಿ ಹೋಗುತ್ತೆ."

ಹಳೆಯ ಲ್ಯಾಪ್‌ಟಾಪ್ ಕೊಂಡು, ಅದನ್ನು ರಿಪೇರಿಗೆ ಒಯ್ದವರು ಒಂದಲ್ಲ ಒಂದು ಸಲ ಈ ಮಾತು ಕೇಳಿರುತ್ತೀರಿ. ಕೇಳಿದವರಲ್ಲಿ ಹೆಚ್ಚಿನವರು "ಆಯ್ತು, ಹಾಕಿ" ಅಂದುಬಿಡುತ್ತಾರೆ. ಒಂದಿಷ್ಟು ದುಡ್ಡು ಹೋಗುತ್ತದೆ, ಒಳಗಿದ್ದ ಫೋಟೊ, ಸ್ಕ್ಯಾನ್ ಮಾಡಿಟ್ಟ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಕಾಲೇಜಿನ ನೋಟ್ಸ್ ಎಲ್ಲ ಅಳಿಸಿಹೋಗುತ್ತವೆ. ಮನೆಗೆ ತಂದು ಚಾರ್ಜಿಗೆ ಹಾಕಿದರೆ ಬಾಣದ ಗುರುತು ಮತ್ತೆ ಕುಣಿಯಲು ಶುರು.

ನನ್ನ ಮಾತು ಇಷ್ಟೆ. ಟಚ್‌ಪ್ಯಾಡ್ ಕೈಕೊಟ್ಟಾಗ ಇಡೀ ಲಿನಕ್ಸ್ ಅಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕಾರಣ ಎಷ್ಟೋ ಸಲ ಲಿನಕ್ಸ್‌ನಲ್ಲಿ ಇರುವುದೇ ಇಲ್ಲ. ಇದ್ದರೂ ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸರಿಹೋಗುವಂಥದ್ದು ಬಹಳ. ಅದನ್ನು ನಮಗೆ ಕನ್ನಡದಲ್ಲಿ ಹೇಳುವವರಿಲ್ಲ ಅನ್ನುವುದೇ ನಿಜವಾದ ರೋಗ.

ಈಗ ಯಾಕೆ ಈ ಮಾತು?

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕೇ ಬೇಕು ಅನ್ನುತ್ತದೆ. ಹಾಗಾಗಿ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಮಾರುಕಟ್ಟೆಗೆ ಬರುತ್ತವೆ. ಅಲ್ಲಿಂದ ಜಿಲ್ಲೆಗೆ, ತಾಲೂಕಿಗೆ, ಕೊನೆಗೆ ನಮ್ಮ ಶ್ರೀರಾಂಪುರದಂಥ ಹೋಬಳಿ ಊರಿನ ಮನೆಗಳಿಗೆ. ಡಿಗ್ರಿ ಓದುವ ಮಗಳಿಗೆ, ಡಿಪ್ಲೊಮಾ ಓದುವ ಮಗನಿಗೆ, ಕೊಬ್ಬರಿ ಲೆಕ್ಕ ಇಡುವ ಮಂಡಿಗೆ ಇಂಥದ್ದೇ ಸಾಕು. ಹೊಸದರ ಬೆಲೆ ನಮ್ಮ ಕಡೆಯ ಮನೆಗಳಿಗೆ ಎಟಕುವುದಿಲ್ಲ.

ಇಂಥ ಯಂತ್ರಗಳಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಚೆನ್ನಾಗಿ ಹೊಂದುತ್ತದೆ. ದುಡ್ಡಿಲ್ಲ, ಲೈಸೆನ್ಸ್ ರಗಳೆಯಿಲ್ಲ, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಸ್ಕಾಲರ್‌ಶಿಪ್‌ನ ಎಸ್‌ಎಸ್‌ಪಿ ಪೋರ್ಟಲ್ ಆಗಲಿ, ಸೇವಾ ಸಿಂಧು ಆಗಲಿ, ಎಲ್ಲ ಬ್ರೌಸರ್‌ನಲ್ಲೇ ತೆರೆಯುವಂಥವು. ಫೈರ್‌ಫಾಕ್ಸ್ ಇದ್ದರೆ ಆಯಿತು.

ಬದಲಿಗೆ ಅಂಗಡಿಯಲ್ಲಿ "ವಿಂಡೋಸ್ ಹಾಕ್ತೀನಿ" ಅಂದರೆ ಎಷ್ಟೋ ಕಡೆ ಅದು ಕದ್ದ ವಿಂಡೋಸ್. ಬೀಗ ಒಡೆದು ಹಾಕಿದ್ದು. ಸಿಕ್ಕಿಬೀಳದಿರಲಿ ಅಂತ ಅದರಲ್ಲಿ ಅಪ್‌ಡೇಟ್ ಬಂದ್ ಮಾಡಿರುತ್ತಾರೆ. ಆ್ಯಂಟಿವೈರಸ್ ಅನ್ನೂ ಮಲಗಿಸಿರುತ್ತಾರೆ. ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೀರಿ, ಆಧಾರ್ ನಂಬರ್ ತುಂಬುತ್ತೀರಿ. ಟಚ್‌ಪ್ಯಾಡ್ ಸರಿಮಾಡಿಸಲು ಹೋಗಿ ಮನೆಯ ಹಿಂಬಾಗಿಲು ತೆಗೆದಿಟ್ಟು ಬಂದ ಹಾಗಾಯಿತು.

ಬೆರಳು, ವಿದ್ಯುತ್ತು, ನೆಲ

ಟಚ್‌ಪ್ಯಾಡ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಅದು ನೀವು ಒತ್ತುವ ಭಾರವನ್ನು ನೋಡುವುದಿಲ್ಲ. ಮೇಲ್ಪದರದ ಕೆಳಗೆ ಸಣ್ಣ ತಂತಿಗಳ ಬಲೆ ಇರುತ್ತದೆ. ಅದರಲ್ಲಿ ಬಹಳ ಸಣ್ಣ ವಿದ್ಯುತ್ತು ಇರುತ್ತದೆ. ನಮ್ಮ ಮೈ ವಿದ್ಯುತ್ ವಾಹಕ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಸ್ಥಿತಿ ಸ್ವಲ್ಪ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು "ಬೆರಳು ಇಲ್ಲಿದೆ" ಅನ್ನುತ್ತದೆ. ಫೋನಿನ ಪರದೆಯೂ ಹೀಗೇ.

ಅಂದಮೇಲೆ ಕೈಯ ಸ್ಥಿತಿ ಲೆಕ್ಕಕ್ಕೆ ಬರುತ್ತದೆ. ದಿನವಿಡೀ ಕಾಯಿ ಸುಲಿದ, ಗುದ್ದಲಿ ಹಿಡಿದ ಕೈಯಲ್ಲಿ ಚರ್ಮ ದಪ್ಪಗಟ್ಟಿ ಒಣಗಿರುತ್ತದೆ. ಟಚ್‌ಪ್ಯಾಡ್‌ಗೆ ಅಂಥ ಬೆರಳು ಮಸುಕಾಗಿ ಕಾಣುತ್ತದೆ. ಬೆವರಿದ, ಒದ್ದೆ ಬೆರಳು ಇದ್ದರೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬಾಣ ಎಲ್ಲೆಲ್ಲಿಗೋ ಹಾರುತ್ತದೆ. ಎಣ್ಣೆ, ಧೂಳು, ಕಿತ್ತಿರದ ಪ್ಲಾಸ್ಟಿಕ್ ಹಾಳೆ, ಚೆಂದಕ್ಕೆ ಅಂಟಿಸಿದ ಸ್ಟಿಕ್ಕರ್ ಎಲ್ಲವೂ ತೊಂದರೆ ಕೊಡುತ್ತವೆ. ಮೊದಲ ಚಿಕಿತ್ಸೆ: ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಟಚ್‌ಪ್ಯಾಡ್ ಒರೆಸಿ, ಕೈ ತೊಳೆದು ಒಣಗಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ಎರಡನೆಯದು ನಮ್ಮ ಹಳ್ಳಿಗಳಿಗೆ ಬಹಳ ಮುಖ್ಯವಾದದ್ದು. ಚಾರ್ಜರ್ ಕಿತ್ತು ನೋಡಿ. ಚಾರ್ಜರ್ ಹಾಕಿದಾಗ ಬಾಣ ಕುಣಿಯುತ್ತದೆ, ಕಿತ್ತರೆ ಸುಮ್ಮನಾಗುತ್ತದೆ ಅಂದರೆ ಲಿನಕ್ಸ್ ಮೇಲೆ ಗುಮಾನಿ ಬಿಡಿ. ಕಾರಣ ಅರ್ಥಿಂಗ್ ಇರಬಹುದು, ಇಲ್ಲವೇ ಚಾರ್ಜರ್.

ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಾಮಾನ್ಯವಾಗಿ ಮೂರು ಪಿನ್ ಇರುತ್ತವೆ. ದಪ್ಪನೆಯ ಪಿನ್ ನೆಲಕ್ಕೆ, ಅಂದರೆ ಅರ್ಥಿಂಗ್‌ಗೆ. ನಮ್ಮ ಕಡೆ ಏನಾಗುತ್ತದೆ? ಎರಡು ಪಿನ್ ಬೋರ್ಡಿಗೆ ಕನ್ವರ್ಟರ್ ಹಾಕಿ ಸಿಕ್ಕಿಸುತ್ತೇವೆ. ಮೂರು ಪಿನ್ ಬೋರ್ಡ್ ಇದ್ದರೂ ಹಿಂದೆ ಅರ್ಥ್ ವೈರ್ ಎಳೆದಿರುವುದಿಲ್ಲ. ಎಳೆದಿದ್ದರೂ ಮನೆ ಕಟ್ಟಿದಾಗ ಮಾಡಿದ ಅರ್ಥಿಂಗ್ ಗುಂಡಿಯನ್ನು ಆಮೇಲೆ ಯಾರೂ ತಿರುಗಿ ನೋಡಿರುವುದಿಲ್ಲ. ಚಿತ್ರದುರ್ಗ ಒಣ ಜಿಲ್ಲೆ. ಒಣಗಿದ ಮಣ್ಣಿನಲ್ಲಿ ವಿದ್ಯುತ್ತು ಸರಾಗವಾಗಿ ಇಳಿಯುವುದಿಲ್ಲ. ಅದಕ್ಕೇ ಹಿರಿಯರು ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುತ್ತಿದ್ದುದು.

ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್‌ನೊಳಗಿಂದ ಸೋರುವ ಸಣ್ಣ ವಿದ್ಯುತ್ತು ಲ್ಯಾಪ್‌ಟಾಪ್‌ನ ಮೈಗೆ ಬಂದು ನಿಲ್ಲುತ್ತದೆ. ಲೋಹದ ಮೈ ಮುಟ್ಟಿದರೆ ಜುಮ್ ಅನ್ನುವುದು ಇದಕ್ಕೇ. ಬೆರಳಿನ ಸಣ್ಣ ಬದಲಾವಣೆ ಅಳೆಯಬೇಕಾದ ಟಚ್‌ಪ್ಯಾಡ್‌ಗೆ ಈ ಗದ್ದಲದಲ್ಲಿ ಬೆರಳು ಯಾವುದು, ಸೋರಿಕೆ ಯಾವುದು ಗೊತ್ತಾಗುವುದಿಲ್ಲ. ಅಗ್ಗದ ನಕಲಿ ಚಾರ್ಜರ್ ಆದರೆ ಗದ್ದಲ ಇನ್ನೂ ಜಾಸ್ತಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ. ಇಲ್ಲಿ ಮಾತ್ರ ಕುಣಿಸುತ್ತಿರುವುದು ನಿಜವಾಗಿಯೂ ನೆಲವೇ.

ಪರಿಹಾರ ವೈರಿಂಗ್ ಕೆಲಸ ಬಲ್ಲವರ ಕೈಯಲ್ಲಿದೆ. ಅವರನ್ನು ಕರೆದು ಅರ್ಥಿಂಗ್ ಪರೀಕ್ಷೆ ಮಾಡಿಸಿ. ನೀವೇ ಬೋರ್ಡ್ ಬಿಚ್ಚಬೇಡಿ. ಸರಿಯಿಲ್ಲದ ಅರ್ಥಿಂಗ್ ಲ್ಯಾಪ್‌ಟಾಪ್‌ಗಷ್ಟೇ ತೊಂದರೆಯಲ್ಲ, ಗ್ರೈಂಡರ್, ಗೀಸರ್, ಮೋಟರ್ ಮುಟ್ಟುವ ಕೈಗಳಿಗೂ ಅಪಾಯ. ಟಚ್‌ಪ್ಯಾಡ್ ಕುಣಿತ ಮನೆಯ ವೈರಿಂಗ್ ಬಗ್ಗೆ ಕೊಟ್ಟ ಎಚ್ಚರಿಕೆ ಅಂತಲೇ ತಿಳಿಯಿರಿ. ಅಲ್ಲಿಯವರೆಗೆ ಮೊದಲು ಚಾರ್ಜ್ ಮಾಡಿಕೊಂಡು, ಚಾರ್ಜರ್ ಕಿತ್ತು ಕೆಲಸ ಮಾಡಿ.

ಟಚ್‌ಪ್ಯಾಡ್ ಉಬ್ಬಿದ್ದರೆ ಅಲ್ಲೇ ನಿಲ್ಲಿಸಿ

ಇದನ್ನು ಬೇರೆ ಮಾಡಿ ಹೇಳುತ್ತಿದ್ದೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದು ಟಚ್‌ಪ್ಯಾಡ್‌ನ ಕೆಳಗೆ ಅಥವಾ ಪಕ್ಕದಲ್ಲಿ. ಹಳೆಯ ಲಿಥಿಯಂ ಬ್ಯಾಟರಿಯೊಳಗೆ ಗ್ಯಾಸ್ ತುಂಬಿ ಅದು ಉಬ್ಬುವುದುಂಟು. ಆಗ ಅದು ಕೆಳಗಿನಿಂದ ಟಚ್‌ಪ್ಯಾಡನ್ನು ಮೇಲಕ್ಕೆ ನೂಕುತ್ತದೆ. ಕ್ಲಿಕ್ ಗಟ್ಟಿಯಾಗುತ್ತದೆ, ಅಥವಾ ಕ್ಲಿಕ್ ಆಗುವುದೇ ಇಲ್ಲ, ಇಲ್ಲವೇ ಮುಟ್ಟದಿದ್ದರೂ ತಾನೇ ಕ್ಲಿಕ್ ಆಗುತ್ತದೆ.

ಲ್ಯಾಪ್‌ಟಾಪ್‌ ಅನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಟಚ್‌ಪ್ಯಾಡ್‌ನ ಒಂದು ಅಂಚು ಮೇಲೆದ್ದಿದೆಯೇ? ತಳ ಸಮನಾಗಿ ಕೂರದೆ ಅಲ್ಲಾಡುತ್ತಿದೆಯೇ? ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲವೇ? ಹೌದು ಅಂದರೆ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಅದುಮಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಉಬ್ಬಿದ ಬ್ಯಾಟರಿ ತೂತಾದರೆ ಬೆಂಕಿ ಹತ್ತುತ್ತದೆ. ತಿಳಿದವರ ಕೈಯಲ್ಲಿ ತೆಗೆಸಿ ಬೇರೆ ಹಾಕಿಸಿ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಈ ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ಉಬ್ಬಿದ ಬ್ಯಾಟರಿ ಇರುವ ಯಂತ್ರಕ್ಕೆ ವಿಂಡೋಸ್ ಹಾಕಿ ವಾಪಸ್ ಕೊಡುವವರಿಗೆ ನಿಮ್ಮ ಮನೆಯ ಮಕ್ಕಳ ಬಗ್ಗೆ ಕಾಳಜಿ ಇಲ್ಲ ಅಂತಲೇ ಅರ್ಥ.

ಗುಂಡಿ ಒತ್ತಿದರೆ ಸರಿಹೋಗುವವು

ಮೇಲಿನದ್ದೆಲ್ಲ ಸರಿಯಿದ್ದೂ ತೊಂದರೆ ಇದ್ದರೆ ಈಗ ಲಿನಕ್ಸ್ ಕಡೆ ಬನ್ನಿ. ಸೆಟ್ಟಿಂಗ್ಸ್ ತೆರೆದು "ಮೌಸ್ ಅಂಡ್ ಟಚ್‌ಪ್ಯಾಡ್" ಅನ್ನುವಲ್ಲಿಗೆ ಹೋಗಿ. ಉಬುಂಟು, ಮಿಂಟ್ ಎರಡರಲ್ಲೂ ಹೆಚ್ಚುಕಡಿಮೆ ಇದೇ ಹೆಸರು.

*ಬಾಣ ಓಡುತ್ತದೆ, ತಟ್ಟಿದರೆ ಕ್ಲಿಕ್ ಆಗುವುದಿಲ್ಲ.* "ಟ್ಯಾಪ್ ಟು ಕ್ಲಿಕ್" ಆಫ್ ಇರಬಹುದು, ಆನ್ ಮಾಡಿ. ಲಿನಕ್ಸ್‌ನ ಕೆಲವು ಬಗೆಗಳಲ್ಲಿ ಇದು ಮೊದಲಿನಿಂದಲೇ ಆಫ್ ಆಗಿ ಬರುತ್ತದೆ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್‌ನವರು ಇದನ್ನು ತಾವಾಗಿ ಆನ್ ಮಾಡಿ ಕೊಡತೊಡಗಿದ್ದು 2024ರಲ್ಲಿ ಬಂದ 46ನೇ ಆವೃತ್ತಿಯಿಂದ. ಈ ಒಂದು ಗುಂಡಿಗಾಗಿ ಎಷ್ಟು ಲ್ಯಾಪ್‌ಟಾಪ್‌ಗಳು ಸುಮ್ಮನೆ ಫಾರ್ಮ್ಯಾಟ್ ಆಗಿವೆಯೋ ದೇವರಿಗೇ ಗೊತ್ತು.

*ಬಲಗಡೆ ಮೂಲೆ ಒತ್ತಿದರೆ ರೈಟ್ ಕ್ಲಿಕ್ ಬರುವುದಿಲ್ಲ.* ಕೆಟ್ಟಿಲ್ಲ. ಕೆಲವು ಕಡೆ ರೈಟ್ ಕ್ಲಿಕ್‌ಗೆ ಎರಡು ಬೆರಳಿಟ್ಟು ಒತ್ತಬೇಕು. ಹೊಸ ಆವೃತ್ತಿಗಳಲ್ಲಿ "ಸೆಕೆಂಡರಿ ಕ್ಲಿಕ್" ಅನ್ನುವಲ್ಲಿ ಮೂಲೆಗೆ ಬದಲಾಯಿಸಿಕೊಳ್ಳಬಹುದು.

*ಟೈಪ್ ಮಾಡುವಾಗ ಅಕ್ಷರ ಇನ್ನೆಲ್ಲೋ ಬೀಳುತ್ತವೆ.* ಅಂಗೈ ಟಚ್‌ಪ್ಯಾಡ್‌ಗೆ ತಾಗಿ ಬಾಣ ಹಾರುತ್ತಿದೆ. "ಡಿಸೇಬಲ್ ವೈಲ್ ಟೈಪಿಂಗ್" ಆನ್ ಮಾಡಿ. ಟೈಪ್ ಮಾಡುವಷ್ಟು ಹೊತ್ತು ಟಚ್‌ಪ್ಯಾಡ್ ಕಣ್ಣು ಮುಚ್ಚಿರುತ್ತದೆ.

*ಪುಟ ಉಲ್ಟಾ ಸರಿಯುತ್ತದೆ.* "ನ್ಯಾಚುರಲ್ ಸ್ಕ್ರೋಲಿಂಗ್" ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್. ಫೋನಿನಲ್ಲಿ ಸರಿಸಿ ರೂಢಿಯಿದ್ದವರಿಗೆ ಆನ್ ಇದ್ದರೇ ಹಿತ.

*ಬಾಣ ಆಮೆ ನಡಿಗೆ, ಇಲ್ಲವೇ ಕುದುರೆ ಓಟ.* "ಪಾಯಿಂಟರ್ ಸ್ಪೀಡ್" ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಎಳೆದು ನೋಡಿ.

*ಟಚ್‌ಪ್ಯಾಡ್ ಪೂರ್ತಿ ಸತ್ತಂತಿದೆ.* ಕೀಬೋರ್ಡ್‌ನ ಮೇಲಿನ ಸಾಲು ನೋಡಿ. ಟಚ್‌ಪ್ಯಾಡ್ ಚಿತ್ರದ ಮೇಲೆ ಗೀಟು ಹಾಕಿದ ಕೀಲಿ ಇದ್ದರೆ ಎಫ್‌ಎನ್ ಕೀಲಿಯ ಜೊತೆ ಅದನ್ನು ಒತ್ತಿ. ಮಕ್ಕಳು ಆಡುವಾಗ ಇದು ಆಫ್ ಆಗಿರುವುದೇ ಹೆಚ್ಚು. ಕೆಲವು ಮಾದರಿಗಳಲ್ಲಿ ಟಚ್‌ಪ್ಯಾಡ್‌ನ ಎಡಮೂಲೆಯ ಚುಕ್ಕಿಯನ್ನು ಎರಡು ಸಲ ತಟ್ಟಬೇಕು.

*ಯಾರೂ ಮುಟ್ಟದಿದ್ದರೂ ಬಾಣ ಒಂದೇ ಕಡೆ ಜಾರುತ್ತದೆ.* ಕಂಪನಿಗಳಿಂದ ಬಂದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡ್‌ನ ನಡುವೆ ಒಂದು ಸಣ್ಣ ರಬ್ಬರ್ ಗುಬುಟು ಇರುತ್ತದೆ, ಬಹಳ ಕಡೆ ಕೆಂಪು ಬಣ್ಣದ್ದು. ಅದೂ ಒಂದು ಮೌಸೇ. ಕೆಲವೊಮ್ಮೆ ತಾನೇ ಬಾಣವನ್ನು ಎಳೆಯುತ್ತದೆ. ಕೈ ತೆಗೆದು ಕೆಲವು ಸೆಕೆಂಡ್ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೈಗುಳ ಮಾತ್ರ ಟಚ್‌ಪ್ಯಾಡ್‌ಗೆ.

*ಮುಚ್ಚಳ ಮುಚ್ಚಿ ತೆರೆದ ಮೇಲೆ ಟಚ್‌ಪ್ಯಾಡ್ ಇಲ್ಲ.* ಇದು ನಿಜಕ್ಕೂ ಲಿನಕ್ಸ್ ಕಡೆಯ ತೊಂದರೆ ಇರಬಹುದು. ನಿದ್ದೆಯಿಂದ ಎದ್ದಾಗ ಡ್ರೈವರ್ ಟಚ್‌ಪ್ಯಾಡನ್ನು ಮತ್ತೆ ಎಬ್ಬಿಸಲು ಸೋತಿರುತ್ತದೆ. ತಾತ್ಕಾಲಿಕ ಮದ್ದು ಪೂರ್ತಿ ಆಫ್ ಮಾಡಿ ಆನ್ ಮಾಡುವುದು. ಶಾಶ್ವತ ಮದ್ದು ಹೆಚ್ಚಿನ ಸಲ ಅಪ್‌ಡೇಟ್‌ನಲ್ಲಿ ಬರುತ್ತದೆ. ಅಪ್‌ಡೇಟ್ ನೂರಾರು ಎಂಬಿ ಇರಬಹುದು, ಡೇಟಾ ನೋಡಿಕೊಂಡು ಹಾಕಿ.

ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು ಒಂದು ಪರೀಕ್ಷೆ

ಇದೆಲ್ಲ ಮಾಡಿಯೂ ಆಗದಿದ್ದರೆ ತೊಂದರೆ ಯಂತ್ರದಲ್ಲೋ ಸಾಫ್ಟ್‌ವೇರ್‌ನಲ್ಲೋ ಅಂತ ಪತ್ತೆ ಮಾಡಲು ನೇರ ದಾರಿ ಇದೆ. ಹೊಸ ಆವೃತ್ತಿಯ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. "ಇನ್‌ಸ್ಟಾಲ್" ಒತ್ತಬೇಡಿ, "ಟ್ರೈ" ಒತ್ತಿ. ಹೀಗೆ ಮಾಡಿದರೆ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಇರುವುದು ಅಳಿಸುವುದಿಲ್ಲ.

ಪೆನ್‌ಡ್ರೈವ್‌ನಿಂದ ಶುರುವಾದಾಗ ಟಚ್‌ಪ್ಯಾಡ್ ಆಡಿದರೆ ಯಂತ್ರ ಚೆನ್ನಾಗಿದೆ, ಹಳೆಯ ಸಾಫ್ಟ್‌ವೇರ್ ಅಥವಾ ಸೆಟ್ಟಿಂಗ್ ತೊಂದರೆ ಕೊಡುತ್ತಿದೆ. ಅಪ್‌ಡೇಟ್ ಮಾಡಿಸಿ. ಅಲ್ಲೂ ಆಡದಿದ್ದರೆ, ಬಯೋಸ್ ಪರದೆಯಲ್ಲಿ ಟಚ್‌ಪ್ಯಾಡ್ ಆಫ್ ಆಗಿದೆಯೇ ನೋಡಿ. ಆಫ್ ಆಗಿಲ್ಲ ಅಂದರೆ ಒಳಗಿನ ಪಟ್ಟಿ ಕೇಬಲ್ ಸಡಿಲವಾಗಿರುವ ಅಥವಾ ಟಚ್‌ಪ್ಯಾಡೇ ಹೋಗಿರುವ ಸಾಧ್ಯತೆ ಹೆಚ್ಚು. ಕೇಬಲ್ ಸಡಿಲವಾಗಿದ್ದರೆ ಯಾವ ವಿಂಡೋಸ್ ಹಾಕಿದರೂ ಅದು ಬಿಗಿಯಾಗುವುದಿಲ್ಲ.

ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ: "ಪೆನ್‌ಡ್ರೈವ್‌ನಿಂದ ಹಚ್ಚಿ ನೋಡಿದಿರಾ?" ಈ ಒಂದು ಪ್ರಶ್ನೆ ಕೇಳಿದರೆ ನಿಮ್ಮ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ.

ಇವತ್ತು ರಾತ್ರಿ ಕೊನೆಯ ದಿನಾಂಕ, ಏನು ಮಾಡಲಿ?

ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೆ, ಟಚ್‌ಪ್ಯಾಡ್ ಸತ್ತಿದೆ, ಹೊಸದುರ್ಗಕ್ಕೆ ಹೋಗಲು ಬಸ್ಸಿಲ್ಲ. ಆಗ ಮೂರು ದಾರಿ.

ಒಂದು, ಯುಎಸ್‌ಬಿ ಮೌಸ್. 200-300 ರೂಪಾಯಿಗೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಸಿಕ್ಕಿಸಿದ ತಕ್ಷಣ ಆಡುತ್ತದೆ, ಡ್ರೈವರ್ ಸಿಡಿ ಬೇಡ. ಟಚ್‌ಪ್ಯಾಡ್ ಸರಿಯಿದ್ದರೂ ಮನೆಯಲ್ಲಿ ಒಂದು ಇರಲಿ.

ಎರಡು, ಕೀಬೋರ್ಡ್. ವಿಂಡೋಸ್ ಗುರುತಿನ ಕೀಲಿ ಒತ್ತಿ ಪ್ರೋಗ್ರಾಂ ಹೆಸರು ಹೊಡೆದು ಎಂಟರ್ ಕೊಟ್ಟರೆ ಅದು ತೆರೆಯುತ್ತದೆ. ಟ್ಯಾಬ್ ಕೀಲಿ ಒತ್ತುತ್ತ ಹೋದರೆ ಅರ್ಜಿಯ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಬಹುದು. ಶಿಫ್ಟ್ ಜೊತೆ ಟ್ಯಾಬ್ ಒತ್ತಿದರೆ ಹಿಂದಕ್ಕೆ. ಸ್ಪೇಸ್ ಒತ್ತಿದರೆ ಟಿಕ್ ಬೀಳುತ್ತದೆ. ಕೀಬೋರ್ಡ್‌ನ ಬಲಗಡೆ ನಂಬರ್ ಕೀಲಿಗಳಿದ್ದರೆ ಸೆಟ್ಟಿಂಗ್ಸ್‌ನ "ಆ್ಯಕ್ಸೆಸಿಬಿಲಿಟಿ" ಭಾಗದಲ್ಲಿ "ಮೌಸ್ ಕೀಸ್" ಆನ್ ಮಾಡಿ, ನಂಬರ್‌ಗಳಿಂದಲೇ ಬಾಣ ಓಡಿಸಬಹುದು.

ಮೂರು, ನಿಮ್ಮ ಕೈಯಲ್ಲಿರುವ ಫೋನ್. ಕೆಡಿಇ ಕನೆಕ್ಟ್ ಅನ್ನುವ ಉಚಿತ ಆ್ಯಪ್ ಫೋನಿನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಇದ್ದು, ಎರಡೂ ಒಂದೇ ವೈಫೈನಲ್ಲಿದ್ದರೆ ಫೋನಿನ ಪರದೆಯೇ ಟಚ್‌ಪ್ಯಾಡ್ ಆಗುತ್ತದೆ. ಇದನ್ನು ಕಷ್ಟ ಬರುವ ಮೊದಲೇ ಜೋಡಿಸಿಟ್ಟುಕೊಳ್ಳಬೇಕು. ಇಂದೇ ಮಾಡಿ.

ಲಿನಕ್ಸ್‌ನ ತಪ್ಪೂ ಇದೆ, ಪೂರ್ತಿ ಅಲ್ಲ

ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್ ತೊಂದರೆಯೇ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಕಾರಣ ತಿಳಿಯಬೇಕು. ಟಚ್‌ಪ್ಯಾಡ್ ತಯಾರಿಸುವವರು ಸಿನಾಪ್ಟಿಕ್ಸ್, ಇಲಾನ್, ಆಲ್ಪ್ಸ್ ಮೊದಲಾದ ಕಂಪನಿಗಳು. ಹಿಂದೆ ಇವರು ವಿಂಡೋಸ್‌ಗೆ ಮಾತ್ರ ಡ್ರೈವರ್ ಬರೆದು ಕೊಟ್ಟು ಸುಮ್ಮನಾಗುತ್ತಿದ್ದರು. ಲಿನಕ್ಸ್‌ಗೆ ಎಷ್ಟೋ ಸಲ ಬೇರೆ ಯಾರೋ ಕೂತು, ಆ ಯಂತ್ರ ಏನು ಮಾತಾಡುತ್ತದೆ ಅಂತ ಕಿವಿಗೊಟ್ಟು ಡ್ರೈವರ್ ಬರೆಯಬೇಕಾಗುತ್ತಿತ್ತು. 2013ರ ವಿಂಡೋಸ್ 8.1ರ ಕಾಲಕ್ಕೆ ಮೈಕ್ರೋಸಾಫ್ಟ್ "ಪ್ರಿಸಿಷನ್ ಟಚ್‌ಪ್ಯಾಡ್" ಅನ್ನುವ ಒಂದೇ ಕಟ್ಟಳೆ ತಂದಿತು. ಎಲ್ಲರೂ ಒಂದೇ ಭಾಷೆ ಆಡತೊಡಗಿದ್ದರಿಂದ ಲಿನಕ್ಸ್‌ಗೂ ಅನುಕೂಲವಾಯಿತು. ಹಾಗಾಗಿ ಆ ಕಟ್ಟಳೆ ಪಾಲಿಸುವ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಕಡಿಮೆ, ಅದಕ್ಕಿಂತ ಹಳೆಯವುಗಳಲ್ಲಿ ಹೆಚ್ಚು.

ಈಗ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಬೆರಳಿನ ಲೆಕ್ಕ ನೋಡುವುದು ಲಿಬ್‌ಇನ್‌ಪುಟ್ ಅನ್ನುವ ತಂತ್ರಾಂಶ. ರೆಡ್ ಹ್ಯಾಟ್ ಕಂಪನಿಯ ಪೀಟರ್ ಹಟರರ್ ಇದನ್ನು ವರ್ಷಗಳಿಂದ ಮುನ್ನಡೆಸಿದವರು. ಇದರಲ್ಲಿ ಒಂದೊಂದು ಲ್ಯಾಪ್‌ಟಾಪ್ ಮಾದರಿಯ ವಕ್ರತನವನ್ನು ಬರೆದಿಟ್ಟ ಕಡತವೇ ಇದೆ. ಈ ಮಾದರಿಯಲ್ಲಿ ಅಂಗೈ ಇಷ್ಟು ದೊಡ್ಡದು ಕಾಣುತ್ತದೆ, ಆ ಮಾದರಿಯಲ್ಲಿ ಒತ್ತಡ ಇಷ್ಟು ಬೇಕು, ಹೀಗೆ. ಎಲ್ಲೋ ಯಾರೋ ಬಳಕೆದಾರರು "ನನ್ನದು ಹೀಗಾಗುತ್ತದೆ" ಅಂತ ದೂರು ಬರೆದಿದ್ದಕ್ಕೆ ಆ ಸಾಲುಗಳು ಸೇರಿವೆ. ನಮ್ಮ ಕಡೆಯಿಂದ ದೂರು ಹೋಗುವುದಿಲ್ಲ, ಯಾಕೆಂದರೆ ದೂರು ಇಂಗ್ಲಿಷ್‌ನಲ್ಲಿ ಬರೆಯಬೇಕು. ನಮ್ಮ ಬೆರಳಿನ ಲೆಕ್ಕ ಆ ಕಡತಕ್ಕೆ ಹೋಗಿ ಸೇರುವುದೇ ಇಲ್ಲ.

ಇನ್ನೊಂದು ಮಾತು. "ಲಿನಕ್ಸ್‌ನಲ್ಲಿ ಟಚ್ ಆಡಲ್ಲ" ಅಂತ ಹೇಳುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ಇರುವ ಕರ್ನಲ್ ಲಿನಕ್ಸೇ. ಅಲ್ಲಿ ಟಚ್ ಯಾಕೆ ಚೆನ್ನಾಗಿ ಆಡುತ್ತದೆ? ಫೋನ್ ಮಾಡುವವರು ಪರದೆ, ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಕೂರಿಸಿ ಹದ ಮಾಡಿ ಮಾರುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಆ ಹದ ಮಾಡುವ ಕೆಲಸ ಕೊನೆಗೆ ಬಳಸುವವರ ತಲೆಗೆ ಬರುತ್ತದೆ. ತೊಂದರೆ ಲಿನಕ್ಸ್ ಅನ್ನುವ ಹೆಸರಿನಲ್ಲಿಲ್ಲ, ಹದ ಮಾಡುವವರಿಲ್ಲದ್ದರಲ್ಲಿದೆ.

ಕಾಸರಗೋಡಿನಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ?

ಕೇರಳ ಸರ್ಕಾರ ತನ್ನ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ಬಳಸುತ್ತದೆ. ಅಲ್ಲಿನ ಕೈಟ್ ಅನ್ನುವ ಸರ್ಕಾರಿ ಸಂಸ್ಥೆಯೇ ಅದನ್ನು ಶಾಲೆಗೆ ತಕ್ಕಂತೆ ಸಿದ್ಧಪಡಿಸುತ್ತದೆ. 2018ರಲ್ಲಿ ಶುರುವಾದ ಹೈಟೆಕ್ ಶಾಲಾ ಯೋಜನೆಯಲ್ಲಿ 45 ಸಾವಿರ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಹೋದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರೊಳಗೇ ಇದ್ದಾರೆ. ಅವರ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲಿದೆ, ಅದು ಕಲಿಸುವುದು ಲಿನಕ್ಸ್. ಅದೇ ವರ್ಷ ಶುರುವಾದ ಲಿಟ್ಲ್ ಕೈಟ್ಸ್ ಕೂಟಗಳಲ್ಲಿ ಮಕ್ಕಳಿಗೇ ಹಾರ್ಡ್‌ವೇರ್ ತರಬೇತಿ ಕೊಡುತ್ತಾರೆ. ಕನ್ನಡದ ಮಕ್ಕಳಿಗೆ ಲಿನಕ್ಸ್ ಬರುವುದಿಲ್ಲ ಅನ್ನುವ ಮಾತನ್ನು ಗಡಿಯಾಚೆಯ ನಮ್ಮ ಮಕ್ಕಳೇ ಸುಳ್ಳು ಮಾಡಿದ್ದಾರೆ.

ನಮ್ಮ ರಾಜ್ಯವೂ ಕೈಕಟ್ಟಿ ಕೂತಿಲ್ಲ. 2016-17ರಲ್ಲಿ ಶುರುವಾದ ಟಾಲ್ಪ್ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಮೇಲೆ ತರಬೇತಿ ಕೊಟ್ಟರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಉಬುಂಟು ಬಗ್ಗೆ ಕನ್ನಡದ ಪಾಠಗಳೂ ಇವೆ. ಕೇಂದ್ರ ಸರ್ಕಾರವಂತೂ 2015ರಲ್ಲೇ ಸರ್ಕಾರಿ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು ಅಂತ ನೀತಿ ತಂದಿದೆ. ಕಾಗದದಲ್ಲಿ ಎಲ್ಲ ಇದೆ. ಆದರೆ ಹೋಬಳಿ ಮಟ್ಟದಲ್ಲಿ ಟಚ್‌ಪ್ಯಾಡ್ ಕೈಕೊಟ್ಟ ಹುಡುಗಿಗೆ ಕೇಳಲು ಯಾರಿದ್ದಾರೆ? ತರಬೇತಿ ಪಡೆದ ಮೇಷ್ಟ್ರು ವರ್ಗವಾಗಿ ಹೋದರೆ ಅವರ ಜೊತೆ ತಿಳಿವಳಿಕೆಯೂ ಊರು ಬಿಡುತ್ತದೆ.

"ನುಡಿ, ಬರಹ ವಿಂಡೋಸ್‌ನಲ್ಲೇ ಬೇಕಲ್ಲ, ಕಚೇರಿ ಕೆಲಸಕ್ಕೆ ಅದೇ ಕೇಳ್ತಾರಲ್ಲ" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನುಡಿ ಕಲಿತು ಪರೀಕ್ಷೆಗೆ ಕೂರುವವರು, ಹಳೆಯ ನುಡಿ ಕಡತ ತಿದ್ದಬೇಕಾದವರು ಅಸಲಿ ವಿಂಡೋಸ್ ಇಟ್ಟುಕೊಳ್ಳಿ, ತಪ್ಪಿಲ್ಲ. ಉಳಿದವರಿಗೆ ಲಿನಕ್ಸ್‌ನಲ್ಲಿ ಕನ್ನಡ ಹೊಡೆಯಲು ಬೇರೆ ಸಾಫ್ಟ್‌ವೇರ್ ಬೇಡ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸಿದರೆ ಕಗಪ ವಿನ್ಯಾಸ ಅಲ್ಲೇ ಇದೆ, ಯುನಿಕೋಡ್‌ನಲ್ಲಿ ಮೂಡುತ್ತದೆ. ನಾನು ಹೇಳುತ್ತಿರುವುದು ವಿಂಡೋಸ್ ಬಿಡಿ ಅಂತಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವ ತೀರ್ಮಾನ ನಿಮ್ಮದಾಗಿರಲಿ, ಕೈಕೊಟ್ಟ ಟಚ್‌ಪ್ಯಾಡ್‌ನದ್ದಾಗದಿರಲಿ.

ಬೇಕಾಗಿರುವುದು ದೊಡ್ಡ ಯೋಜನೆಯಲ್ಲ

ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಒಂದೊಂದು ಅರಿವು ಕೇಂದ್ರದಲ್ಲಿ ಮೂರು ವಸ್ತು ಇಡಲಿ: ಒಂದು ಯುಎಸ್‌ಬಿ ಮೌಸ್, ಹೊಸ ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವ್, ಮೇಲೆ ಹೇಳಿದಂಥ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ. ಎಲ್ಲ ಸೇರಿ ಸಾವಿರ ರೂಪಾಯಿ ಒಳಗಿನ ಮಾತು. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಬೇಡಿಕೆ ಇದು.

ಪ್ರೌಢಶಾಲೆ, ಪಿಯು ಕಾಲೇಜಿನ ಮೇಷ್ಟ್ರುಗಳಿಗೂ ಒಂದು ಮಾತು. ಕಾಸರಗೋಡಿನ ಶಾಲೆಗಳಲ್ಲಿ ಇರುವಂಥ ಒಂದು ಕೂಟ ನಿಮ್ಮಲ್ಲೂ ಶುರುವಾಗಲಿ. ಎಂಟು-ಹತ್ತು ಮಕ್ಕಳಿಗೆ ಇದನ್ನು ಕಲಿಸಿದರೆ ಸಾಕು, ಇಡೀ ಊರಿನ ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಾರೆ.

ರಿಪೇರಿ ಅಂಗಡಿಯವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರಿಗೂ ಯಾರೂ ಕಲಿಸಿಲ್ಲ, ಬಂದ ಗಿರಾಕಿಗೆ ಬೇಗ ಮುಗಿಸಿ ಕೊಡಬೇಕು. ಆದರೆ ಫಾರ್ಮ್ಯಾಟ್ ಮಾಡುವ ಮೊದಲು ಒಳಗಿರುವುದನ್ನು ತೆಗೆದಿಡುತ್ತೀರಾ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಈ ಬರಹವನ್ನು ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ. ನಿಮ್ಮ ಲ್ಯಾಪ್‌ಟಾಪ್‌ಗೆ ಬೇರೆ ಥರದ ತೊಂದರೆ ಇದ್ದರೆ ಮಾದರಿಯ ಹೆಸರು, ಲಿನಕ್ಸ್ ಆವೃತ್ತಿ, ಚಾರ್ಜರ್ ಕಿತ್ತಾಗ ಏನಾಗುತ್ತದೆ ಅನ್ನುವ ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಯಾರನ್ನೇ ಕೇಳುವುದಿದ್ದರೂ ಈ ಮೂರು ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ.